ಬಂಡೆಪ್ಪನವರು ಹಚ್ಚಿದ ಸೀಲು

ಕುಷಾಯಿಗೂಡದ ಬಂಡೆಪ್ಪನವರು ಮೂವತ್ತನಾಲ್ಕು ವರ್ಷ ಸರಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದವರು. ಅಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೇ ಸಂಬಳ ತೆಗೆದುಕೊಂಡವರು. ನಿವೃತ್ತರಾಗಿ ಆರು ವರ್ಷವಾದರೂ ಕೆಲಸ ಬಿಟ್ಟಿರಲಿಲ್ಲ, ಸಂಬಳವಷ್ಟೇ ನಿಂತಿತ್ತು. ಹಾಲಿನ ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ನೋಡುವರು. ಪೇರಲಹಣ್ಣಿನವನ ತಕ್ಕಡಿಯನ್ನು ಬಗ್ಗಿ ಕೆಳಗಿನಿಂದಲೂ ನೋಡುವರು. ಮದುವೆಯ ದಿನ ಇವರು ಅಕ್ಷತೆ ಎಣಿಸಿದರೆಂದು ಹೆಂಡತಿ ಸಾವಿತ್ರಿಬಾಯಿ ಹೇಳುವುದು ಶುದ್ಧ ಸುಳ್ಳು. ತೆಂಗಿನಕಾಯಿಯನ್ನು ಒಂದು ಸಲ ಕಿವಿಯ ಹತ್ತಿರ ಅಲ್ಲಾಡಿಸಿದ್ದರು, ಅಷ್ಟೇ.

ಇಂಥವರ ಮನೆಯ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಬೇಕಾಗಿ ಬಂತು. ಸಾವಿತ್ರಿಬಾಯಿ ಹಳೆಯ ಸೀರೆಗಳಿಂದ ಹೊಲಿಯುವ ಕೌದಿಗಳನ್ನು ಯಾರದೋ ಮನೆಯಲ್ಲಿ ನೋಡಿ, ಪುಣೆಯಿಂದ ಮೈಸೂರಿನವರೆಗಿನ ಎಂಟು ಮಂದಿ ಹೆಣ್ಣುಮಕ್ಕಳು ತಮಗೂ ಕಲಿಸಿ ಅಂತ ಗಂಟುಬಿದ್ದಿದ್ದರು. ಕಂಪ್ಯೂಟರಿನಲ್ಲೇ ಪಾಠ. ಮೊದಲನೆಯದು ಶನಿವಾರ ಸಂಜೆ ಐದಕ್ಕೆ. ಅರವತ್ತೊಂದು ವರ್ಷದಲ್ಲಿ ಆಕೆಯನ್ನು ಯಾರಾದರೂ ‘ಟೀಚರ್’ ಅಂದದ್ದು ಇದೇ ಮೊದಲು. ಆಕೆಯ ಫೋನಿನ ಕ್ಯಾಮೆರಾ ಒಡೆದುಹೋಗಿತ್ತು. ಬಂಡೆಪ್ಪನವರ ಫೋನಿತ್ತು, ಆದರೆ ಅದರಲ್ಲಿ ವಿಡಿಯೋ ಆಪ್ ಹಾಕಿದ ಮರುಕ್ಷಣ ಬ್ಯಾಂಕಿನ ಖಾತೆ ಹಿಂಬಾಗಿಲಿನಿಂದ ಹೊರಟುಹೋಗುತ್ತದೆಂದು ಅವರ ನಂಬಿಕೆ. ಉಳಿದದ್ದು ಕಂಪ್ಯೂಟರು. ಅದರ ಹಳೆಯ ಸಿಸ್ಟಮ್ಮಿನಲ್ಲಿ ವಿಡಿಯೋ ತೆರೆಯುತ್ತಲೇ ಇರಲಿಲ್ಲ.

“ರಿಪೇರಿ ಮಾಡವ್ರನ್ನ ಕರಸ್ರಿ,” ಅಂದರು ಸಾವಿತ್ರಿಬಾಯಿ.

“ಹೊರಗಿನ ಮನಷ್ಯಾ ನನ್ನ ಮಷೀನ್ ಮುಟ್ಟಾಂಗಿಲ್ಲ. ಒಳಗಿಂದು ಒಂದು ತಗದು ಇನ್ನೊಂದು ಇಟ್ರ ನಿನಗ ಗೊತ್ತಾಕ್ಕೈತೇನು?”

ಸಾವಿತ್ರಿಬಾಯಿ ಮೇಲಿನ ಮನೆಗೆ ಹೋಗಿ, ಅದೇ ಕಾರ್ಖಾನೆಯ ಡಿಸೈನ್ ವಿಭಾಗದಲ್ಲಿದ್ದು ನಿವೃತ್ತರಾಗಿದ್ದ ಚಂದ್ರಹಾಸರಿಗೆ ಹೇಳಿದರು. ಮಂಗಳೂರು ಕಡೆಯ ಚಂದ್ರಹಾಸರು ಒಂದು ಪೆನ್ ಡ್ರೈವಿನಲ್ಲಿ ಹೊಸ ಸಿಸ್ಟಮ್ ತುಂಬಿಕೊಟ್ಟು, ಹೇಗೆ ಹಾಕಬೇಕೆಂದು ನಾಲ್ಕೇ ಸಾಲಿನ ಚೀಟಿಯನ್ನೂ ಬರೆದುಕೊಟ್ಟರು.

ಬಂಡೆಪ್ಪನವರಿಗೆ ಇದು ಸರಿಬರಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಇದೇ ಚಂದ್ರಹಾಸರು ಮಾಡಿದ ಯಂತ್ರದಲ್ಲಿ ಒಂದು ಸ್ಕ್ರೂ ಒಂದೂವರೆ ಮಿಲಿಮೀಟರ್ ಹೆಚ್ಚು ಉದ್ದ ಇದೆಯೆಂದು ಇವರು ಕೆಂಪು ಚೀಟಿ ಕಟ್ಟಿ ವಾಪಸ್ಸು ಕಳಿಸಿದ್ದರು. ಅಂಥ ಅವಮಾನವನ್ನು ಯಾವ ಮನುಷ್ಯ ಮರೆತಾನು? ಇಷ್ಟು ವರ್ಷ ನಗುನಗುತ್ತ ಮೆಟ್ಟಿಲು ಹತ್ತಿಳಿದದ್ದೆಲ್ಲ ಈ ದಿನಕ್ಕಾಗಿ ಕಾದದ್ದೇ ಇರಬೇಕು. ಚೀಟಿಯನ್ನು ಎರಡು ಸಲ ಓದಿದರು. ಮೊದಲ ಮೂರು ಸಾಲು ಪರವಾಗಿಲ್ಲ. ನಾಲ್ಕನೆಯದಕ್ಕೆ ಬಂದಾಗ ಹುಬ್ಬು ಮೇಲೇರಿತು. ಮೋಸ ಇದ್ದರೆ ಇಲ್ಲೇ ಇದೆ! ಕೆಂಪು ಪೆನ್ನು ತೆಗೆದು ಆ ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ ‘ಒಪ್ಪಿಲ್ಲ’ ಅಂತ ಬರೆದರು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಕೆಲಸ ಶುರುವಾಯಿತು. ಪೆನ್ ಡ್ರೈವ್ ಚುಚ್ಚಿದ ಮೇಲೆ, ಕಾರ್ಖಾನೆಯಲ್ಲಿ ಮಾಡುತ್ತಿದ್ದ ಹಾಗೆ, ಅದರ ಮೇಲೊಂದು ಬಿಳಿ ಕಾಗದದ ಪಟ್ಟಿಯನ್ನು ಗೋಂದಿನಿಂದ ಅಂಟಿಸಿದರು. ಅರ್ಧ ಸಹಿ ಕಾಗದದ ಮೇಲೆ, ಅರ್ಧ ಕಂಪ್ಯೂಟರಿನ ಡಬ್ಬಿಯ ಮೇಲೆ. ಕೆಳಗೆ ತಾರೀಖು, ವೇಳೆ. ಇನ್ನು ಕೆಲಸ ಮುಗಿಯುವವರೆಗೆ ಯಾರು ಕೈ ಹಚ್ಚಿದರೂ ಸಿಕ್ಕಿಬೀಳುತ್ತಾರೆ.

ಒಂದೂವರೆ ಗಂಟೆ ಎಲ್ಲ ಚೆನ್ನಾಗಿ ನಡೆಯಿತು. ನೂರಕ್ಕೆ ನೂರು ಆಯಿತು. ಪರದೆ ಕಪ್ಪಾಗಿ, ಕಂಪ್ಯೂಟರು ತಾನೇ ಆರಿ, ತಾನೇ ಹೊತ್ತಿಕೊಂಡಿತು. ಆಮೇಲೆ, ಏನೂ ಆಗೇ ಇಲ್ಲವೆಂಬಂತೆ, ‘ನಿಮ್ಮ ಭಾಷೆ ಯಾವುದು?’ ಅಂತ ಕೇಳಿತು. ಬೆಳಿಗ್ಗೆ ಹತ್ತಕ್ಕೆ ಕೇಳಿದ್ದ ಅದೇ ಪ್ರಶ್ನೆ.

“ಮುಂಜಾನೆನ ಹೇಳೀನಲ್ಲೋ!” ಅಂದರು ಬಂಡೆಪ್ಪನವರು, ಕಂಪ್ಯೂಟರಿಗೆ.

ಮೊದಲ ಅನುಮಾನ ಕರೆಂಟಿನ ಮೇಲೆ. ಕೆಳಗಿಳಿದು ವಾಚ್‌ಮನ್‌ನನ್ನು ಹಿಡಿದು, ಕರೆಂಟು ಹೋಗಿತ್ತೇ ಅಂತ ತೆಲುಗಿನಲ್ಲಿ ಕೇಳಿದರು. “ಕರೆಂಟ್ ಪೋಯಿಂದಾ?” ಅವನು ತಿರುಗುತ್ತಲೇ ಇದ್ದ ತನ್ನ ಫ್ಯಾನು ತೋರಿಸಿ, “ತಿರುಗುತೋಂದಿ ಕದಾ ಸಾರ್,” ಅಂದ. ಇಷ್ಟು ಬೇಗ ಉತ್ತರ ಕೊಟ್ಟನೆಂದು ಅವನ ಮೇಲೂ ಒಂದಿಷ್ಟು ಅನುಮಾನ ಉಳಿಯಿತು. ಎರಡನೆಯ ಸಲವೂ ಹಾಗೇ ಆದಾಗ ಅಡುಗೆಮನೆಯ ಮಿಕ್ಸರ್ ಸಿಕ್ಕಿಬಿತ್ತು.

“ನೀ ಶೇಂಗಾ ಚಟ್ನಿ ತಿರುವಿದಾಗನ ಇದು ಕೆಟ್ಟದ್ದು.”

“ಮಿಕ್ಸರ್ ಹಚ್ಚೇ ಇಲ್ರಿ. ಒರಳಾಗ ಕುಟ್ಟೀನಿ.”

“ಹಂಗಾರ ಕುಟ್ಟಿದ್ದಕ್ಕ ಅಲ್ಲಾಡಿರಬೇಕು.”

ಮೂರನೆಯ ಸಲ ಕುರ್ಚಿ ಎಳೆದುಕೊಂಡು, ಕಣ್ಣು ಮಿಟುಕಿಸದೆ ಎದುರೇ ಕೂತರು. ಮಧ್ಯದಲ್ಲಿ ನಾಲ್ಕು ಸಲ ಎದ್ದು ಸೀಲು ಪರೀಕ್ಷಿಸಿದರು. ಯಾರೂ ಮುಟ್ಟಿರಲಿಲ್ಲ. ನೂರಕ್ಕೆ ನೂರು ಆಯಿತು. ಪರದೆ ಕಪ್ಪಾಯಿತು. ‘ನಿಮ್ಮ ಭಾಷೆ ಯಾವುದು?’

ಗಂಟೆ ಮೂರೂವರೆ. ಪಕ್ಕದ ಮೇಜಿನ ಮೇಲೆ ಸಾವಿತ್ರಿಬಾಯಿ ಸೀರೆಯ ತುಂಡುಗಳನ್ನು ಬಣ್ಣದ ಪ್ರಕಾರ ಜೋಡಿಸಿ, ಎಂಟು ಸೂಜಿಗಳಿಗೆ ದಾರ ಪೋಣಿಸಿ, ಇಳಕಲ್ ಸೀರೆ ಉಟ್ಟು ಕೂತಿದ್ದರು.

“ನಾಲ್ಕಕ್ಕ ಅವ್ರಿಗೆಲ್ಲಾ ಫೋನ್ ಮಾಡಿ ಆಗಂಗಿಲ್ಲ ಅಂತ ಹೇಳಿಬಿಡ್ತೀನ್ರಿ,” ಅಂದರು. “ಇನ್ನೊಂದು ಸಲ ಕೇಳಂಗಿಲ್ಲ ಅವ್ರು. ಇರ್ಲಿ.”

ಬಂಡೆಪ್ಪನವರು ಎದ್ದು ಚಪ್ಪಲಿ ಹಾಕಿಕೊಂಡು ಮೇಲಿನ ಮನೆಯ ಬೆಲ್ಲು ಒತ್ತಿದರು.

ಚಂದ್ರಹಾಸರು ಇಳಿದುಬಂದು, ಕಂಪ್ಯೂಟರನ್ನು ನೋಡಿ ನಿಂತೇಬಿಟ್ಟರು. “ಎಂತದು ಮಾರಾಯ್ರೆ ಇದು? ಕಂಪ್ಯೂಟರಿಗೆ ಬ್ಯಾಂಡೇಜಾ?”

“ಸೀಲು. ಮುಂಜಾನಿಂದ ಯಾರೂ ಮುಟ್ಟಿಲ್ಲ. ನಿಮ್ಮ ಪೆನ್ ಡ್ರೈವ್ ಇಟ್ಟಲ್ಲೇ ಐತಿ.”

“ಇಟ್ಟಲ್ಲೇ ಇದ್ದದ್ದೇ ತೊಂದರೆ! ಚೀಟಿಯಲ್ಲಿ ಬರೆದಿದ್ದೆನಲ್ಲ?”

ಸಾವಿತ್ರಿಬಾಯಿ ಚೀಟಿ ಹುಡುಕಿ ತಂದು, ಕೆಂಪು ಗೀಟಿನ ಕೆಳಗಿನ ಅಕ್ಷರ ಬಿಡಿಸಿ ಜೋರಾಗಿ ಓದಿದರು: “ಕಂಪ್ಯೂಟರು ಮೊದಲ ಸಲ ಆರಿ ಹೊತ್ತಿಕೊಳ್ಳುವಾಗ ಪೆನ್ ಡ್ರೈವ್ ತೆಗೆದುಬಿಡಿ.”

“ಅರ್ಧ ಕೆಲಸದಾಗ ಸಾಮಾನು ಕಿತ್ತಗೋ ಅಂದ್ರ ಯಾವ ಇನ್‌ಸ್ಪೆಕ್ಟರ್ ಒಪ್ತಾನ್ರಿ?” ಅಂದರು ಬಂಡೆಪ್ಪನವರು.

“ಅಯ್ಯೋ, ಅದು ಒಳಗಿದ್ದಷ್ಟು ಹೊತ್ತು ಮಷೀನು ಎದ್ದ ಕೂಡಲೇ ಅದರ ಮುಖವನ್ನೇ ಮೊದಲು ನೋಡ್ತದೆ. ‘ಓಹೋ, ಹೊಸ ಸಿಸ್ಟಮ್ ಹಾಕ್ಲಿಕ್ಕುಂಟು’ ಅಂತ ಪಾಪ ಮತ್ತೆ ಮೊದಲಿನಿಂದ ಶುರು ಮಾಡ್ತದೆ. ತೆಗೆದರೆ ಸೀದಾ ಮುಂದೆ ಹೋಗ್ತದೆ.”

ಬಂಡೆಪ್ಪನವರು ಚೀಟಿಯನ್ನು ಕೈಗೆ ತೆಗೆದುಕೊಂಡು, “ನಿಮಗ ಆ ಸ್ಕ್ರೂ ನೆನಪೈತಿ, ಹೌದಲ್ರಿ?” ಅಂದರು.

“ಯಾವ ಸ್ಕ್ರೂ?”

“ಒಂದೂವರೆ ಮಿಲಿಮೀಟರ್ ಉದ್ದಿತ್ತು. ಕೆಂಪು ಚೀಟಿ ಕಟ್ಟಿದ್ದೆ.”

“ಇದ್ದಿರಬಹುದು ಮಾರಾಯ್ರೆ. ನೀವು ದಿನಾ ಯಾರಿಗಾದರೂ ಕಟ್ತಿದ್ರಿ.”

ದ್ವೇಷ ಇಟ್ಟುಕೊಂಡಿದ್ದಾರೆಂಬುದಕ್ಕಿಂತ ಮರೆತೇಬಿಟ್ಟಿದ್ದಾರೆಂಬುದು ಬಂಡೆಪ್ಪನವರಿಗೆ ಹೆಚ್ಚು ನೋವು ಕೊಟ್ಟಿತು. ಪೆನ್ ಡ್ರೈವಿನ ಕಡೆ ಚಂದ್ರಹಾಸರ ಕೈ ಹೋಯಿತು. “ತಡೀರಿ!” ಅಂದರು ಬಂಡೆಪ್ಪನವರು. “ಹಚ್ಚಿದವನ ಒಡೀಬೇಕು. ಇಬ್ರು ಸಾಕ್ಷಿ ಬೇಕು.”

“ನಾವಿಬ್ರೂ ಅದೀವಲ್ಲ, ಒಡೀರಿ!” ಅಂದರು ಸಾವಿತ್ರಿಬಾಯಿ. “ನಾಲ್ಕಾಗಾಕತ್ತೈತಿ.”

ಸೀಲು ಹರಿಯಿತು. ಪೆನ್ ಡ್ರೈವ್ ಹೊರಗೆ ಬಂತು. ಕಂಪ್ಯೂಟರು ಆರಿ ಹೊತ್ತಿಕೊಂಡಿತು. ಈ ಸಲ ಭಾಷೆ ಕೇಳಲಿಲ್ಲ. ಸದ್ದಿಲ್ಲದೆ ಮುಂದಿನ ಕೆಲಸಕ್ಕೆ ಹೋಯಿತು. ಅದು ಮುಗಿಯುವಷ್ಟರಲ್ಲಿ ಬಂಡೆಪ್ಪನವರು ತಮ್ಮ ತಪಾಸಣೆ ಪುಸ್ತಕ ತೆಗೆದು, ‘ದೋಷದ ಕಾರಣ’ ಅನ್ನುವ ಕಡೆ ‘ಸೀಲು’ ಅಂತ ಬರೆದರು. ಅದನ್ನು ಹಚ್ಚಿದವರು ಯಾರು ಅಂತ ಬರೆಯಲು ಪುಟದಲ್ಲಿ ಜಾಗವೇ ಇರಲಿಲ್ಲ. ಪುಟಕ್ಕೆ ಗೆರೆ ಎಳೆದವರೂ ಅವರೇ.

ಐದು ಗಂಟೆ ಏಳು ನಿಮಿಷಕ್ಕೆ ಪರದೆಯ ಮೇಲೆ ಎಂಟು ಮುಖಗಳು ಮೂಡಿದವು. ಸಾವಿತ್ರಿಬಾಯಿ ಗಂಟಲು ಸರಿಮಾಡಿಕೊಂಡು ಸೂಜಿ ಎತ್ತಿ ತೋರಿಸಿದರು. “ಮೊದಲನೇ ಮಾತು. ಹೊಲಿಗಿ ತಪ್ಪಿದ್ರ ಅಂಜಬ್ಯಾಡ್ರಿ, ಬಿಚ್ರಿ. ಬಿಚ್ಚಾಕ ಯಾರ ಸಹಿನೂ ಬೇಕಿಲ್ಲ.”

ಅಷ್ಟರಲ್ಲಿ ಮೈಸೂರಿನ ಹುಡುಗಿ, “ಟೀಚರ್, ನಿಮ್ಮ ಹಿಂದೆ ಒಬ್ಬರು ನಿಂತ್ಕೊಂಡು ನಮ್ಮನ್ನೆಲ್ಲ ಒಂಥರಾ ನೋಡ್ತಿದಾರೆ,” ಅಂದಳು.

ಬಂಡೆಪ್ಪನವರು ಬೆರಳು ಮಡಿಚಿ ಮುಖಗಳನ್ನು ಎಣಿಸುತ್ತಿದ್ದರು.

ಸಾವಿತ್ರಿಬಾಯಿ ತಿರುಗಿಯೂ ನೋಡಲಿಲ್ಲ. “ಅವ್ರಾ? ಇನ್‌ಸ್ಪೆಕ್ಷನ್‌ನವ್ರು. ರಿಟೈರ್ ಆಗಿ ಆರು ವರ್ಷಾತು, ಅವ್ರಿಗೆ ಯಾರೂ ಹೇಳಿಲ್ಲ. ನೀ ದಾರ ಎಳಿವಾ.”