ಸೋಲುತ್ತಿದ್ದ ತಂಡದ ಶುಕ್ರವಾರಗಳು

ಮೊನ್ನೆ ನೀವು ಮೊಮ್ಮಕ್ಕಳು ಹೊಸ ಟೆನ್ನಿಸ್ ಚೆಂಡಿನ ಡಬ್ಬಿ ತೆರೆದಾಗ ಬಂದ ರಬ್ಬರಿನ ವಾಸನೆಗೆ ನನಗೆ ಬರ್ ದುಬೈಯ ನಮ್ಮ ಹಳೆಯ ಫ್ಲ್ಯಾಟ್ ನೆನಪಾಯಿತು. ನಿಮ್ಮ ಅಮ್ಮ ಆಗ ಚಿಕ್ಕವಳು. ಗುರುವಾರ ಸಂಜೆ ನಿಮ್ಮ ಅಜ್ಜ ಆಫೀಸಿನಿಂದ ಬಂದವರು ಇಂಥದೇ ಹೊಸ ಚೆಂಡನ್ನು ಒಮ್ಮೆ ಮೂಸಿ ನೋಡಿ, ಆಮೇಲೆ ಬೂಟು ಕಳಚುತ್ತಿದ್ದರು. ಉಡುಪಿ ಕಡೆಯವರೇ ಸೇರಿ ಕಟ್ಟಿದ ಅವರ ಕ್ರಿಕೆಟ್ ತಂಡಕ್ಕೆ ಹುಲ್ಲಿನ ಮೈದಾನವಿರಲಿಲ್ಲ, ಕಟ್ಟಡಗಳ ಹಿಂದೆ ಖಾಲಿ ಬಿದ್ದ ಮರಳು ಜಾಗವಿತ್ತು. ಸೋತದ್ದೇ ಹೆಚ್ಚು. ಆದರೂ ಶುಕ್ರವಾರದ ರಜೆಯಲ್ಲಿ ಬಿಸಿಲೇರುವ ಮೊದಲೇ ನೋಡಲು ಜನ ಸೇರುತ್ತಿದ್ದರು. ರೂಮುಗಳಲ್ಲಿ ಒಂಟಿಯಾಗಿದ್ದ ಹುಡುಗರು, ಕೇರಳದ ಟೈಲರ್, ಪೇಶಾವರದ ಟ್ಯಾಕ್ಸಿ ಡ್ರೈವರ್ ಖಾನ್ ಭಾಯ್. ಅಜ್ಜನ ಕೈಯಿಂದ ಕ್ಯಾಚ್ ಜಾರಿದರೆ, "ಕ್ಯಾಪ್ಟನ್, ಬುಟ್ಟಿ ತಂದು ಕೊಡುವುದಾ ಮಾರಾಯ್ರೆ?" ಎಂದು ನಮ್ಮವರೇ ಕೂಗುತ್ತಿದ್ದರು. ಆಟ ಮುಗಿದ ಮೇಲೆ ಗೆದ್ದವರು, ಸೋತವರು, ನೋಡಿದವರು ಎಲ್ಲರಿಗೂ ನಾನು ಮೈದಾಕ್ಕೆ ಹುಳಿ ಮೊಸರು ಕಲಸಿ ಕರಿದ ಗೋಳಿಬಜೆ. ನಮಾಜಿಗೆ ಹೋಗುವವರು ತಿಂದು, ಕೈ ತೊಳೆದು ಹೊರಡುತ್ತಿದ್ದರು.

ಹಳ್ಳಿಶಾಲೆಯಲ್ಲಿ ನಾಲ್ಕಕ್ಷರ ಕಲಿತ ನಾನು ಲಿಫ್ಟಿನಲ್ಲಿ ಯಾರಾದರೂ ಬಂದರೆ ನೆಲ ನೋಡುತ್ತ ನಿಲ್ಲುವವಳು. ವಾರದಲ್ಲಿ ನಾನು ಮನೆಯಿಂದ ಹೊರಗೆ ಬರುತ್ತಿದ್ದದ್ದು ಆ ಒಂದು ಬೆಳಿಗ್ಗೆ ಮಾತ್ರ. ತಂಡದವರ ಪಿಕಪ್ ಗಾಡಿಯ ಹಿಂಬದಿಯಲ್ಲಿ ಬಜೆಯ ಪಾತ್ರೆಯ ಪಕ್ಕ ಕುಳಿತರೆ ಯಾರೂ ನನ್ನನ್ನು ಮಾತನಾಡಿಸಲೇಬೇಕೆಂದಿರಲಿಲ್ಲ. ಆದರೂ ಎಲ್ಲರ ನಡುವೆ ಇದ್ದೆ.

ಒಂದು ಗುರುವಾರ ಅಜ್ಜ ಚೆಂಡಿಲ್ಲದೆ ಬಂದರು. "ಜಾಗಕ್ಕೆ ಬೇಲಿ ಹಾಕಿದ್ದಾರೆ. ಬಿಲ್ಡಿಂಗ್ ಬರ್ತದಂತೆ. ಆಟ ಖಲಾಸ್. ತಂಡದವರಿಗೆಲ್ಲ ಹೇಳಿ ಆಯ್ತು," ಎಂದರು.

ನನಗೆ ಇನ್ನು ವಾರವಿಡೀ ಮನೆಯ ಗೋಡೆಗಳೇ. ಅದನ್ನು ಹೇಳಲು ಬಾಯಿ ಬರಲಿಲ್ಲ. "ಮೈದಾಕ್ಕೆ ಮೊಸರು ಹಾಕಿ ಕಲಸಿ ಆಯ್ತಲ್ಲ," ಎಂದೆ ಅಷ್ಟೇ.

"ಆಟವೇ ಇಲ್ಲ, ಅದನ್ನು ಯಾರಿಗೆ ಹಾಕ್ತಿ ಮಾರಾಯ್ತಿ?"

"ನೋಡ್ಲಿಕ್ಕೆ ಬರುವವರಿಗೆ ನೀವು ಹೇಳಿಲ್ಲ. ಅವರು ಬರ್ತಾರೆ."

ಬೆಳಿಗ್ಗೆ ನಾನು ಬಜೆ ಕರಿದೆ, ಅಜ್ಜನೇ ಪಾತ್ರೆ ಎತ್ತಿಕೊಂಡರು. ಹೋಗಿ ನೋಡಿದರೆ ತಗಡಿನ ಬೇಲಿಯ ಎದುರು ಫುಟ್‌ಪಾತಿನ ಮೇಲೆ ನೋಡಲು ಬರುವವರೆಲ್ಲರೂ ಸಾಲಾಗಿ ಕುಳಿತಿದ್ದರು, ನೋಡಲು ಏನೂ ಇಲ್ಲದಿದ್ದರೂ. ಆಟಗಾರರೇ ಇರಲಿಲ್ಲ. ನಿಮ್ಮ ಅಮ್ಮ, "ಪಪ್ಪಾ, ದೇ ಆಲ್ ಕೇಮ್," ಎಂದು ಅಜ್ಜನ ಕೈ ಜಗ್ಗಿದಳು. ನಾನು ಮುಚ್ಚಳ ತೆಗೆದೆ.

ಖಾನ್ ಭಾಯ್ ಎರಡನೆಯ ಬಜೆ ಬಾಯಿಗೆ ಹಾಕಿಕೊಂಡು ಬೇಲಿಯತ್ತ ಕೈ ತೋರಿಸಿದರು. "ಭಾಭಿ, ಇದು ಹೋದರೆ ಹೋಗಲಿ. ಅಲ್ ಕೂಜ್‌ನಲ್ಲಿ ನಮ್ಮ ಟ್ಯಾಕ್ಸಿಯವರ ಕ್ಯಾಂಪಿನ ಹಿಂದೆ ಇದಕ್ಕಿಂತ ದೊಡ್ಡ ಮರಳಿದೆ. ಕಲ್ಲು ಹೆಕ್ಕಿದರೆ ಸಾಕು. ಯಲ್ಲಾ, ಕ್ಯಾಪ್ಟನ್, ನೋಡಿ ಬರೋಣ."

"ಸೋಲ್ಲಿಕ್ಕೆ ಅಷ್ಟು ದೂರ ಹೋಗುವುದಾ?" ಎಂದು ಯಾರೋ ಕೇಳಿದರು. ಅಜ್ಜ ನಕ್ಕರು. ಅವತ್ತೇ ಎಲ್ಲರೂ ಹೋಗಿ ಕಲ್ಲು ಹೆಕ್ಕಿದೆವು. ನಾನೂ ಸೆರಗು ಸಿಕ್ಕಿಸಿಕೊಂಡು ಹೆಕ್ಕಿದೆ.

ಮನೆಗೆ ಬಂದು ಬಾಣಲೆ ಉಜ್ಜುತ್ತಿದ್ದಾಗ ಅಜ್ಜ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಬರುವ ವಾರಕ್ಕೆ ಮೈದಾ ಉಂಟಾ, ತರಬೇಕಾ?" ಎಂದು ಕೇಳಿದರು. ಅಷ್ಟು ಹಗುರವಾದ ಉಸಿರನ್ನು ನಾನು ಆ ದೇಶದಲ್ಲಿ ಅದಕ್ಕೆ ಮೊದಲು ಬಿಟ್ಟದ್ದಿಲ್ಲ.

ಅಲ್ ಕೂಜ್‌ನ ಮರಳಿನ ಮೇಲೂ ಈಗ ಗೋದಾಮುಗಳಿವೆಯಂತೆ. ತಂಡ ಚದುರಿತು, ಅಜ್ಜನೂ ಹೋದರು. ಗುರುವಾರ ಸಂಜೆ ಮಾತ್ರ ನಾನು ಇವತ್ತಿಗೂ ಫ್ರಿಜ್ಜು ತೆಗೆದು, ಮೊಸರು ಹುಳಿ ಬಂದಿದೆಯೇ ಎಂದು ನೋಡುತ್ತೇನೆ.