ನೀಲವ್ವನನ್ನು ಲೆಕ್ಕಕ್ಕೆ ಹಿಡಿಯದ ಸೀಟು

ಆ ದಿನ ಬೆಳಗ್ಗೆ ಎಂಟರ ಹೊತ್ತಿಗೆ ರೊಟ್ಟಿ ಬಡಿಯುವುದು ಮುಗಿದಿತ್ತು. ಹಂಚಿನ ಮೇಲೆ ಶೇಂಗಾ ಹಾಕಿ, ಒಂದು ಕೈಯಲ್ಲಿ ಕೆದಕುತ್ತ, ಇನ್ನೊಂದು ಕೈಯಲ್ಲಿ ದಪ್ಪನೆಯ ಇಂಗ್ಲಿಷ್ ಮ್ಯಾನ್ಯುಅಲ್ ಹಿಡಿದು ನಿಂತಿದ್ದೆ. ಇದು ೨೦೦೯ರ ಮಾತು. ಇಳಕಲ್ಲಿನ ನಮ್ಮ ಮನೆಯ ಮುಂಭಾಗವೇ ಯಜಮಾನರ ಗ್ಯಾರೇಜು. ಇಪ್ಪತ್ತು ವರ್ಷ ಲಾರಿ, ಜೀಪುಗಳನ್ನು ಬಿಚ್ಚಿ ಜೋಡಿಸಿದ ಅವರು ಹಿಂದಿನ ವರ್ಷವಷ್ಟೇ ಸ್ಕ್ಯಾನರ್ ತಂದಿದ್ದರು. ಕಾರಿನ ಕಂಪ್ಯೂಟರಿಗೆ ಜೋಡಿಸಿದರೆ ಅದರ ದೂರನ್ನು ಪರದೆಯ ಮೇಲೆ ತೋರಿಸುವ ಪುಟ್ಟ ಯಂತ್ರ ಅದು. ದೂರೆಲ್ಲ ಇಂಗ್ಲಿಷಿನಲ್ಲಿ. ಅದನ್ನು ಓದಿ ಹೇಳುವ, ಮ್ಯಾನ್ಯುಅಲ್‌ನಲ್ಲಿ ಪುಟ ಹುಡುಕುವ ಕೆಲಸ ಕಾನ್ವೆಂಟಿನಲ್ಲಿ ಓದಿದ ನನ್ನದಾಯಿತು. ಆ ಹುದ್ದೆಗೆ ಹೆಸರೇನೂ ಇರಲಿಲ್ಲ.

ಎಂಟೂವರೆಗೆ ಮಲ್ಲಪ್ಪನವರು ಈಚೆಗೆ ಕೊಂಡ ಕಾರು ಬಂತು. ಅವರದು ಎಂಟು ಪವರ್‌ಲೂಮಿನ ನೇಕಾರಿಕೆ. ಪಕ್ಕದ ಸೀಟಿನಲ್ಲಿ ಅವರ ತಾಯಿ ನೀಲವ್ವ. ಹಿಂದೆ ಕೂತರೆ ವಾಂತಿಯಾಗುತ್ತದೆಂದು ಅವರು ಯಾವಾಗಲೂ ಮುಂದೆಯೇ ಕೂರುತ್ತಿದ್ದರು. ಮರುದಿನ ಬೆಳಗ್ಗೆ ಅವರನ್ನು ಬಾಗಲಕೋಟೆಗೆ ಕಣ್ಣಿನ ಆಪರೇಷನ್ನಿಗೆ ಕರೆದೊಯ್ಯಬೇಕಿತ್ತು.

"ಹತ್ತ ದಿನ ಆತ್ರಿ ವೈನಿ," ಎಂದರು ಮಲ್ಲಪ್ಪ. "ಅವ್ವ ಕುಂತಿದ್ರೂ ಸೀಟ್ ಖಾಲಿ ಐತಿ ಅಂತೈತಿ ಗಾಡಿ."

"ಮನ್ಯಾಗಂತೂ ನನ್ನ ಮಾತ ಯಾರೂ ಕೇಳಂಗಿಲ್ಲ," ಎಂದರು ನೀಲವ್ವ. "ಈಗ ಗಾಡಿನೂ ಇವರ ಕಡೆ ಸೇರೇತಿ."

ಆ ಕಾರಿನ ಮುಂದಿನ ಸೀಟಿನ ಹೊದಿಕೆಯ ಕೆಳಗೆ ತೆಳುವಾದ ಪ್ಲಾಸ್ಟಿಕ್ ಹಾಳೆಯಂಥ ಸೆನ್ಸರ್ ಇರುತ್ತದೆ. ಯಾರಾದರೂ ಕೂತರೆ ಅದು ಭಾರವನ್ನು ಗುರುತಿಸಿ ಕಂಪ್ಯೂಟರಿಗೆ ತಿಳಿಸುತ್ತದೆ. ಸೀಟು ಖಾಲಿ ಎನಿಸಿದರೆ 'ಏರ್‌ಬ್ಯಾಗ್ ಆಫ್' ಎಂಬ ದೀಪ ಹೊತ್ತಿಕೊಳ್ಳುತ್ತದೆ, ಅಪಘಾತವಾದರೂ ಆ ಬದಿಯ ಗಾಳಿಚೀಲ ಉಬ್ಬುವುದಿಲ್ಲ. ನೀಲವ್ವ ಕೂತಾಗಲೂ ಆ ದೀಪ ಆರುತ್ತಿರಲಿಲ್ಲ.

"ಆ ಬಲ್ಬ್ ಕಿತ್ತ ಒಗೀರಿ ಮಿಸ್ತ್ರಿಯವರ, ಮುಗದ ಹೋಗ್ಲಿ," ಎಂದರು ಮಲ್ಲಪ್ಪ.

"ಬಲ್ಬ್ ಕೀಳಾಕ ಎರಡ ಮಿನಿಟ್ ಸಾಕ್ರಿ. ನಾಳೆ ದಾರ್ಯಾಗ ಏನರ ಆದ್ರ ಅವ್ವಾರ ಮುಂದ ಚೀಲ ಉಬ್ಬಂಗಿಲ್ಲ. ಸಂಜಿತನಾ ಟೈಮ್ ಕೊಡ್ರಿ."

"ಕೊಟ್ಟೆ. ಆಗ್ಲಿಲ್ಲಂದ್ರ ನಾಳೆ ಬ್ಯಾರೆ ಗಾಡಿ ಮಾಡಿ, ಇದನ್ನ ಹುಬ್ಬಳ್ಳಿಗೆ ಕಳಸ್ತೇನಿ. ಲಾರಿ ರಿಪೇರಿ ಮಾಡೋ ಕೈಗೆ ಕಂಪ್ಯೂಟರ್ ಗಾಡಿ ಕೊಡಬ್ಯಾಡ ಅಂತ ಮಂದಿ ಮೊದಲ ಹೇಳಿದ್ರು."

ಯಜಮಾನರು ಸ್ಕ್ಯಾನರಿನ ವೈರು ಬಿಡಿಸತೊಡಗಿದರು. ಕಿವಿಯ ತುದಿ ಮಾತ್ರ ಕೆಂಪಾಯಿತು. ಊರಿನಲ್ಲಿ ಹೊಸ ಕಾರುಗಳು ಹೆಚ್ಚುತ್ತಿದ್ದವು. ಇದು ಕೈತಪ್ಪಿದರೆ ಮುಂದೆ ಒಂದೂ ನಮ್ಮ ಬಾಗಿಲಿಗೆ ಬರಲಾರದು ಎಂಬುದು ಇಬ್ಬರಿಗೂ ಗೊತ್ತಿತ್ತು. ಅಷ್ಟರಲ್ಲಿ ಒಳಗಿನಿಂದ ಸೀದ ವಾಸನೆ ಬಂತು. ಶೇಂಗಾ ಸೀದು ಕಪ್ಪಾಗಿತ್ತು.

ಅವ್ವನನ್ನು ನಮ್ಮಲ್ಲೇ ಬಿಟ್ಟು ಮಲ್ಲಪ್ಪ ಹೋದರು. ಸ್ಕ್ಯಾನರ್ 'ಸೀಟ್ ಸೆನ್ಸರ್ ಸಿಗ್ನಲ್ ಸರಿಯಿಲ್ಲ' ಎಂದು ತೋರಿಸಿತು. ಯಜಮಾನರು ಸೀಟಿನ ಕೆಳಗಿನ ಹಳದಿ ಕನೆಕ್ಟರ್‌ಗೆ ಕೈ ಹಾಕಿದಾಗ ನಾನು ಪುಟದ ಮೇಲೆ ಬೆರಳಿಟ್ಟು ತಡೆದೆ. ಮೊದಲು ಬ್ಯಾಟರಿ ಬಿಚ್ಚಬೇಕು, ಮೂರು ನಿಮಿಷ ಕಾಯಬೇಕು, ಇಲ್ಲವಾದರೆ ಗಾಳಿಚೀಲ ಅಲ್ಲೇ ಸಿಡಿಯಬಹುದು ಎಂದು ಬರೆದಿತ್ತು. ಗೋಡೆ ಗಡಿಯಾರ ನೋಡುತ್ತ ಕಾದೆವು. ಕನೆಕ್ಟರ್ ಸ್ವಚ್ಛವಾಗಿತ್ತು, ವೈರುಗಳೂ ಸರಿಯಿದ್ದವು. ಬ್ಯಾಟರಿ ಜೋಡಿಸಿ ಯಜಮಾನರೇ ಸೀಟಿನಲ್ಲಿ ಕೂತರು. ದೀಪ ಆರಿತು. ನೀಲವ್ವ ಕೂತರು. ದೀಪ ಹೊತ್ತಿಕೊಂಡೇ ಇತ್ತು.

"ಗೊತ್ತಾತು," ಎಂದರು ಯಜಮಾನರು. "ಅವ್ವಾರ ತೂಕ ಕಡಿಮಿ. ಸಣ್ಣ ಕೂಸು ಅಂತ ತಿಳಕೊಂಡೇತಿ."

ಮ್ಯಾನ್ಯುಅಲ್‌ನಲ್ಲೂ ಅಂಥದೊಂದು ಸಾಲು ಇತ್ತು. ನಾನೂ ತಲೆಯಾಡಿಸಿದೆ. ಒಪ್ಪದವರು ನೀಲವ್ವ ಒಬ್ಬರೇ.

"ಮೊದಲ ಎರಡ ತಿಂಗಳ ನಾ ಕುಂತ ಕೂಡ್ಲೆ ಆರತಿತ್ತಲ್ಲ. ಹತ್ತ ದಿನದಾಗ ನಾ ಏನ ಕರಗೇನಿ?"

ಆ ಮಾತು ನನ್ನನ್ನು ತಡೆಯಿತು. ಹತ್ತು ದಿನದ ಹಿಂದೆ ಏನು ಬದಲಾಯಿತು? ಆಗ ಸೀಟನ್ನು ಸರಿಯಾಗಿ ನೋಡಿದೆ. ಅದರ ಮೇಲೆ ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದ ಚಂದದ ಕೌದಿ ಇತ್ತು. ನೀಲವ್ವ ಎಲ್ಲಿ ಕೂತರೂ ತುದಿಯಲ್ಲೇ ಕೂರುವವರು, ಕಾರಿನಲ್ಲೂ ಹಾಗೇ. ಯಜಮಾನರು ಕೂತದ್ದು ಸೀಟು ತುಂಬ.

"ಕೌದಿ ಎಂದ ಹಾಕಿದ್ರಿ ಅವ್ವಾರ?"

"ಅದ, ಹತ್ತ ದಿನಾತು. ಜಾರತಿತ್ತು. ಅದಕ್ಕ ದಬ್ಬಣ ಹಿಡದು ಮುಂದಿನ ತುದೀಗೆ ಗಟ್ಟ್ಯಾಗಿ ಹೊಲದೇನಿ. ಕಣ್ಣ ಕಾಣದಿದ್ರೂ ಕೈ ತಪ್ಪಂಗಿಲ್ಲ."

ಕಾನ್ವೆಂಟಿನಲ್ಲಿ ನಮಗೆ ಕಸೂತಿ ಕಲಿಸುತ್ತಿದ್ದ ಸಿಸ್ಟರ್ ಬಟ್ಟೆಯ ಮುಂಭಾಗವನ್ನು ಎಂದೂ ನೋಡುತ್ತಿರಲಿಲ್ಲ, ತಿರುಗಿಸಿ ಹಿಂಬದಿ ತೋರಿಸು ಎನ್ನುತ್ತಿದ್ದರು. ನಾನು ಯಜಮಾನರಿಗೆ ಮೆಲ್ಲಗೆ ಹೇಳಿದೆ, "ಹೊಲಿಗಿ ಹಿಂಬದಿ ನೋಡೋಣು."

ಮತ್ತೆ ಬ್ಯಾಟರಿ ಬಿಚ್ಚಿ, ಮೂರು ನಿಮಿಷ ಕಾದು, ಅವರು ಸೀಟಿನ ಹೊದಿಕೆಯ ಕೊಂಡಿಗಳನ್ನು ತೆಗೆದರು. ಹೊಲಿಗೆ ಬಿಚ್ಚಿದವಳು ನಾನು, ನನ್ನ ಚಿಕ್ಕ ಕತ್ತರಿಯಿಂದ. ಹೊದಿಕೆ ಮೇಲೇಳುತ್ತಲೇ ಸೆನ್ಸರ್ ಹಾಳೆ ಕಂಡಿತು. ಮುಂದಿನ ಅಂಚಿನಲ್ಲಿ ನಾಲ್ಕು ಬೆರಳಿಗೊಂದರಂತೆ ಏಳು ತೂತು. ಏಳರಲ್ಲಿ ಒಂದು ಸರಿಯಾಗಿ ಕಪ್ಪು ಗೆರೆಯನ್ನೇ ಕತ್ತರಿಸಿತ್ತು. ಕರೆಂಟ್ ಹರಿಯುವ ದಾರಿ ಅದು. ನೀಲವ್ವ ಕೂರುತ್ತಿದ್ದ ಆ ಅಂಚು ಸತ್ತುಹೋಗಿತ್ತು, ಸೀಟು ತುಂಬ ಕೂತ ಯಜಮಾನರನ್ನು ಗುರುತಿಸಿದ್ದ ಹಿಂದಿನ ಸಾಲುಗಳು ಜೀವಂತವಾಗಿದ್ದವು.

ನೀಲವ್ವ ಬಗ್ಗಿ ನೋಡಿದರು. "ನನ್ನ ಕಣ್ಣ ತೋರಸಾಕ ಹೊಂಟೇನಿ. ಅದಕ್ಕಿಂತ ಮೊದಲ ಗಾಡಿ ಕಣ್ಣ ಚುಚ್ಚೇನಿ ನೋಡವ್ವಾ."

"ತೂತು ಒಂದ ಅಳತಿಗೆ ಅದಾವ ಅವ್ವಾರ. ಇಂಥಾ ಕೈ ನನಗಿಲ್ಲ," ಎಂದೆ. ಅದು ಖರೆ ಮಾತೇ ಆಗಿತ್ತು.

ಹಾಳೆಗೆ ತೇಪೆ ಹಚ್ಚಬಾರದು, ಬದಲಿಸಬೇಕು ಎಂದು ಮ್ಯಾನ್ಯುಅಲ್ ಹೇಳಿತ್ತು. ಹನ್ನೊಂದಕ್ಕೆ ಹುಬ್ಬಳ್ಳಿಗೆ ಫೋನ್ ಮಾಡಿದೆವು. ಅದೃಷ್ಟಕ್ಕೆ ಅಂಗಡಿಯಲ್ಲಿ ಒಂದೇ ಒಂದು ಉಳಿದಿತ್ತು. ಅವರು ಇಳಕಲ್ಲಿಗೆ ಬರುವ ಬಸ್ಸಿನ ಡ್ರೈವರನ ಕೈಗೆ ಕೊಟ್ಟರು, ನಾಲ್ಕೂವರೆಗೆ ಬಸ್ ಸ್ಟ್ಯಾಂಡಿನಲ್ಲಿ ಕೈಸೇರಿತು. ಕೂರಿಸಿದ ಮೇಲೆ ಖಾಲಿ ಸೀಟಿನ ಭಾರವನ್ನು ಸೊನ್ನೆಯೆಂದು ಕಂಪ್ಯೂಟರಿಗೆ ಕಲಿಸಬೇಕಿತ್ತು. ನಾನು ಸಾಲು ಸಾಲಾಗಿ ಓದಿದೆ, ಅವರು ಬಟನ್ ಒತ್ತಿದರು.

ಆರು ಗಂಟೆಗೆ ಮಲ್ಲಪ್ಪ ಬಂದರು. ನೀಲವ್ವ ಎಂದಿನಂತೆ ತುದಿಯಲ್ಲಿ ಕೂತರು. ದೀಪ ಆರಿತು. ಅವರು ಎದ್ದು, ಮತ್ತೆ ಕೂತು, ಇನ್ನೊಮ್ಮೆ ಆರಿಸಿ ನೋಡಿದರು. ಕೌದಿ ಹಿಂದಿನ ಸೀಟಿಗೆ ಹೋಯಿತು. ಮಲ್ಲಪ್ಪ ಸ್ಟಿಯರಿಂಗ್ ತಟ್ಟುತ್ತ, "ನಮ್ಮ ತಮ್ಮನ ಗಾಡಿನೂ ಒಂದೀಟ ನೋಡ್ರಿ, ಸೋಮವಾರ ಕಳಸ್ತೇನಿ," ಎಂದರು. ಯಜಮಾನರು ನನ್ನ ಕಡೆ ಕೈ ತೋರಿಸಿ, "ಇವರನ್ನ ಕೇಳ್ರಿ, ಇವರು ಓದಿ ಹೇಳಿದ್ರ ನಾ ಮಾಡ್ತೇನಿ," ಎಂದರು. ಊರಿನ ಗಿರಾಕಿಯ ಎದುರಿಗೆ ಅವರು ಹಾಗೆಂದದ್ದು ಅದೇ ಮೊದಲು.

ಆಮೇಲೆ ಎಷ್ಟೋ ಕಾರುಗಳ ದೂರು ಓದಿದ್ದೇನೆ. ಯಂತ್ರ ಏನು ಹೇಳುತ್ತದೆ ಎಂದು ನೋಡುವ ಮೊದಲು, ಅದರಲ್ಲಿ ಕೂರುವವರು ಏನು ಹೇಳುತ್ತಾರೆ ಎಂದು ಕೇಳುವುದನ್ನು ಆ ದಿನವೇ ಕಲಿತೆ. ನೀಲವ್ವ ತಾನು ಕರಗಿಲ್ಲ ಎಂದದ್ದೇ ಸರಿಯಾದ ಸುಳಿವಾಗಿತ್ತು.

ಕತ್ತರಿಯನ್ನು ಹೊಲಿಗೆ ಡಬ್ಬಿಗೆ ಹಾಕಿ, ಸೀದ ಹಂಚು ತಿಕ್ಕಲು ಹಿತ್ತಲಿಗೆ ಹೋದೆ. ಮುಖದ ಮೇಲೆ ನಗು ಇದ್ದಿರಬೇಕು. ಪಕ್ಕದ ಮನೆಯ ಗಿರಿಜವ್ವ ಗೋಡೆಯ ಆಚೆಯಿಂದ ಒಣಗಿದ ಬಟ್ಟೆ ಎಳೆದುಕೊಳ್ಳುತ್ತ ಕೇಳಿದಳು:

"ಒಂದ ಕೌದಿ ಹೊಲಿಗಿ ಬಿಚ್ಚಾಕ ಇಡೀ ದಿನ ಹಿಡೀತೇನ್ರಿ ವೈನಿ? ನನ್ನ ಕರದಿದ್ರ ಅರ್ಧ ತಾಸಿನ್ಯಾಗ ಬಿಚ್ಚಿ ಕೊಡತಿದ್ದೆ."