ಬಾನೆಟ್ಟಿನ ಮೇಲಿನ ಗೀರು

ದೆವ್ವ ಕಂಡೆ ಎಂದವರ ಬಾಯಿಯನ್ನು ನಾನು ಮೂರೇ ಪ್ರಶ್ನೆಗಳಲ್ಲಿ ಮುಚ್ಚಿಸುತ್ತಿದ್ದೆ. ನೀವೊಬ್ಬರೇ ಇದ್ದಿರಾ? ಕತ್ತಲಿತ್ತಾ? ಆ ಜಾಗದ ಕಥೆ ಮೊದಲೇ ಕೇಳಿದ್ದಿರಾ? ಮೂರಕ್ಕೂ ಹೌದು ಎನ್ನದ ಒಬ್ಬರನ್ನೂ ನಾನು ಕಂಡಿರಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಫಲಕಗಳು ಶಹಾಪುರದ ನಮ್ಮ ಮನೆಯ ಶೋಕೇಸಿನಲ್ಲಿ ಇವತ್ತಿಗೂ ಸಾಲಾಗಿ ನಿಂತಿವೆ. ಈಗ ನಾನು ಹೇಳಹೊರಟಿರುವುದಕ್ಕೂ ನೀವು ಅವೇ ಪ್ರಶ್ನೆ ಹಾಕಿ, ಬೇಡ ಎನ್ನುವುದಿಲ್ಲ. ನನಗೆ ನಾನೇ ಹಾಕಿಕೊಳ್ಳುತ್ತ ನಾಲ್ಕು ವರ್ಷ ಕಳೆದಿವೆ.

ಮದುವೆಯಾದ ಮೊದಲ ಬೇಸಿಗೆ ಅದು. ನನ್ನ ಗಂಡ ಮಲ್ಲು ಹಳೆಯದೊಂದು ಜೀಪು ಕೊಂಡಿದ್ದ, ನಾಲ್ಕೂ ಗಾಲಿ ಎಳೆಯುವಂಥದ್ದು. ಅದನ್ನು ಮರಳಿನ ಮೇಲೆ ಓಡಿಸಿ ನೋಡಬೇಕೆಂಬುದು ಅವನ ಹುಚ್ಚು. ಸುರಪುರದಾಚೆ ಕೃಷ್ಣೆಯ ನಡುವೆ, ಬೇಸಿಗೆಯಲ್ಲಿ ಮಾತ್ರ ಮೈ ತೋರಿಸುವ ಒಂದು ಮರಳಿನ ನಡುಗಡ್ಡೆ ಇದೆ. ಅಲ್ಲಿ ಟೆಂಟು ಹಾಕಿ ಒಂದು ರಾತ್ರಿ ಕಳೆದು ಬರೋಣವೆಂದು ಹೊರಟೆವು. ಜಾಲಿ ಪೊದೆಗಳ ನಡುವಿನ ಬಂಡಿದಾರಿಯಲ್ಲಿ ಇಳಿದರೆ ದಡದಲ್ಲಿ ಮೀನುಗಾರರ ಏಳೆಂಟು ಮನೆಗಳು. ದಾರಿ ಕೇಳಲು ಜೀಪು ನಿಲ್ಲಿಸಿದೆವು.

"ಯಾಕ್ರಿ ಸಾಹೇಬ್ರ, ಮನ್ಯಾಗ ಮಲಗಾಕ ಜಾಗ ಇಲ್ಲೇನು?" ಎಂದ, ಬಲೆ ಹೆಣೆಯುತ್ತಿದ್ದವನೊಬ್ಬ.

"ಹೊಸಾ ಮದುವಿ ಅದ ಬಿಡಲೇ, ಮನಿ ತುಂಬ ಮಂದಿ ಇರ್ತಾರ" ಎಂದ ಪಕ್ಕದವನು. ಎಲ್ಲರೂ ನಕ್ಕರು, ನಾವೂ ನಕ್ಕೆವು.

ನಗದೆ ಕೂತಿದ್ದವನು ಮಾನಪ್ಪ ಎಂಬ ಮುದುಕ. "ಮಲಗ್ರಿ, ಬ್ಯಾಡ ಅನ್ನಂಗಿಲ್ಲ. ಬಡಿಯೂದು ಕೇಳಿದ ಕೂಡ್ಲೆ ಎದ್ದ ಬರ್ರಿ ಮತ್ತ" ಎಂದ.

ಯಾರು ಬಡಿಯುವುದು, ಏನನ್ನು ಎಂದು ಕೇಳಿದೆ. ಆ ದಡದಲ್ಲಿ ಒಂದು ರೂಢಿಯಿದೆ. ಮೇಲಿನ ಅಣೆಕಟ್ಟಿನಿಂದ ನೀರು ಬರುವುದು ಗೊತ್ತಾದರೆ ಹರಿಗೋಲನ್ನು ಬೋರಲು ಹಾಕಿ, ಹುಟ್ಟಿನಿಂದ ಅದರ ತಳ ಬಡಿಯುತ್ತಾರೆ. ಮರಳಿನ ಮೇಲಿದ್ದವರು ಇದ್ದದ್ದನ್ನು ಇದ್ದಲ್ಲೇ ಬಿಟ್ಟು ದಡಕ್ಕೆ ಬರಬೇಕು. ಒಬ್ಬೊಬ್ಬರ ಬಡಿತ ಒಂದೊಂದು ತರಹ. ಬಡಿದವನು ಯಾರೆಂದು ಕತ್ತಲಲ್ಲೂ ತಿಳಿಯುತ್ತದೆ. ಮಾನಪ್ಪನ ಮಗ ಯಂಕೋಬ ಎಂಟು ವರ್ಷದ ಹಿಂದೆ, ಮರಳಿನ ಮೇಲಿನ ಕಲ್ಲಂಗಡಿ ಹೊಲದಲ್ಲಿ ಮಲಗಿದ್ದವರನ್ನು ಹೀಗೇ ಎಬ್ಬಿಸಿ ಕಳಿಸಿ, ತಾನು ನೀರುಪಾಲಾಗಿದ್ದ. ಹರಿಗೋಲು ಸಿಕ್ಕಿತು, ಹೆಣ ಸಿಗಲಿಲ್ಲ. ಆಮೇಲೆ ಪ್ರತಿ ಸಲ ನೀರು ಬರುವ ಮುಂಚೆ ಮಗನ ಬಡಿತ ತನಗೆ ಕೇಳುತ್ತದೆ ಎಂದು ಮುದುಕ ಹೇಳಿದ. ನಮ್ಮ ಜೀಪಿನ ಬಾನೆಟ್ಟಿನ ಮೇಲೆ ಬೆರಳ ಗೆಣ್ಣಿನಿಂದ ಬಡಿದೂ ತೋರಿಸಿದ. ಅವಸರದಲ್ಲಿ ಮೂರು. ಸ್ವಲ್ಪ ತಡೆದು ಒಂದು.

ಮಗ ಸತ್ತಿಲ್ಲ ಎಂದೇ ಅವನ ಲೆಕ್ಕ. ದಿನಕರ್ಮ ಏನನ್ನೂ ಮಾಡಿರಲಿಲ್ಲ. ಸೊಸೆ ಹುಲಿಗೆಮ್ಮ ಅಲ್ಲೇ ಮೀನು ಹಸನು ಮಾಡುತ್ತಿದ್ದಳು. ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು. ಎರಡೂ ಕೈತುಂಬ ಹಸಿರು ಬಳೆ.

ಆ ಬಳೆ ನೋಡಿ ನನ್ನ ತಲೆ ಕೆಟ್ಟಿತು. ನನ್ನ ಮೂರು ಪ್ರಶ್ನೆ ಹಾಕಿದೆ. ಒಬ್ಬನೇ ಕೇಳಿದ್ದು? ಹೌದು. ಕತ್ತಲಲ್ಲಿ? ಹೌದು. ಕಥೆ ಮೊದಲೇ ಗೊತ್ತಿತ್ತು? "ಕಥಿ ನಂದ ಅದ ಯವ್ವಾ" ಎಂದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಎಂಟು ಹತ್ತು ಜನ ಕೇಳುತ್ತಿದ್ದರು, ಜನ ಕೇಳುವಾಗ ನಿಲ್ಲಿಸುವುದು ನನಗೆ ಬರುತ್ತಿರಲಿಲ್ಲ.

"ಮುತ್ಯಾ, ಅಂವ ನಿನಗ ಒಬ್ಬಂವಗ ಬಡೀತಾನ. ಕಟ್ಟಿಕೊಂಡ ಹೆಣ್ತಿಗೆ ಯಾಕ ಬಡಿಯಂಗಿಲ್ಲ? ನಿನ್ನ ಕಿವಿ ಆಸೆಕ್ಕ ಅಕಿನ ಎಂಟು ವರ್ಷ ಕಟ್ಟಿ ಹಾಕೀದಿ. ಬಿಡು ಅಕಿನ. ಉಡಕಿ ಮಾಡಿ ಕಳಸು."

ಉಡಕಿ, ಎಂದರೆ ಮರುಮದುವೆ, ಅವರಲ್ಲಿ ಇಲ್ಲದ್ದೇನಲ್ಲ. ಹುಲಿಗೆಮ್ಮನ ಕೈ ನಿಂತಿತ್ತು. ನಾನು ವಾದಿಸುತ್ತಿದ್ದದ್ದು ಅವಳ ಪರವಾಗಿ. ಅವಳಿಗೇನು ಬೇಕೆಂದು ಮಾತ್ರ ಕೇಳಲಿಲ್ಲ. ಅದು ನನಗೆ ಹೊಳೆದದ್ದೂ ಬಹಳ ದಿನದ ಮೇಲೆ.

ಮುದುಕ ನನ್ನ ಕಡೆ ತಿರುಗಿದ. "ಇವತ್ತ ನೀವ ಅಲ್ಲಿ ಮಲಗ್ತೀರಿ. ನೀರ ಬಂದ್ರ ನೀವ ಕೇಳಿ ಬಂದ ಹೇಳ್ರಿ. ಕೇಳಿಲ್ಲ ಅಂದ್ರ ಮಗಾ ಇಲ್ಲ ಅಂತ ತಿಳೀತೀನಿ. ಓದಿದವರು ನೀವು, ಸುಳ್ಳ ಹೇಳಂಗಿಲ್ಲ" ಎಂದ. ನಾನು ಒಪ್ಪಿದೆ. ಖುಷಿಯಿಂದಲೇ ಒಪ್ಪಿದೆ.

ಮೊಣಕಾಲುದ್ದದ ನೀರು ದಾಟಿ ನಡುಗಡ್ಡೆ ಸೇರಿದೆವು. ಮಲ್ಲು ಕತ್ತಲಾಗುವ ತನಕ ಮರಳಿನಲ್ಲಿ ಜೀಪು ಕುಣಿಸಿದ. ಜೀಪಿನ ಮಗ್ಗುಲಲ್ಲೇ ಟೆಂಟು ಹೊಡೆದು, ರೊಟ್ಟಿ, ಶೇಂಗಾ ಚಟ್ನಿ ತಿಂದು ಮಲಗಿದೆವು. ರಾತ್ರಿ ಏನೂ ಆಗಲಿಲ್ಲ. ಎರಡು ಸಲ ಎಚ್ಚರವಾಗಿ ಕಿವಿಗೊಟ್ಟು ಕೇಳಿದ್ದು ನಿಜ. ಏನೂ ಇರಲಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಬಡಿತ ಕೇಳಿತು. ದೂರದ ದಡದಿಂದಲ್ಲ, ನಮ್ಮ ತಲೆಯ ಪಕ್ಕದಲ್ಲಿ, ಬಾನೆಟ್ಟಿನ ತಗಡಿನ ಮೇಲೆ. ಅವಸರದಲ್ಲಿ ಮೂರು, ತಡೆದು ಒಂದು. ಆಮೇಲೆ ತಗಡಿನ ಮೇಲೆ ಏನನ್ನೋ ಒತ್ತಿ ಎಳೆದ ಹಾಗೆ ಕರ್ ಎಂದು ಕೆರೆದ ಸದ್ದು. ಹಲ್ಲು ಜುಮ್ಮೆಂದಿತು. ಮಲ್ಲು ಆಗಲೇ ಎದ್ದು ಕೂತಿದ್ದ. "ಯಾರಲೇ ಅಂವ?" ಎಂದು ಕೂಗುತ್ತ ಟೆಂಟಿನ ಜಿಪ್ ಎಳೆದ.

ಯಾರೂ ಇರಲಿಲ್ಲ. ಬೂದಿ ಬಣ್ಣದ ಬೆಳಕಿನಲ್ಲಿ ನಡುಗಡ್ಡೆ ಅರ್ಧವಾಗಿತ್ತು. ಜೀಪಿನ ಮುಂದಿನ ಗಾಲಿ ನೀರಿನಲ್ಲಿ ನಿಂತಿತ್ತು, ಟೆಂಟಿನ ಒಂದು ಗೂಟ ಕಾಣುತ್ತಿರಲಿಲ್ಲ. ಬರಿಗಾಲಲ್ಲೇ ಜೀಪು ಹತ್ತಿದೆವು. ನದಿಯ ನಡುವೆ ನೀರು ಬಾಗಿಲ ಸಂದಿಯಿಂದ ಒಳಗೆ ನುಗ್ಗಿ ನನ್ನ ಪಾದ ಮುಳುಗಿಸಿತು. ದಡ ಹತ್ತಿ ತಿರುಗಿ ನೋಡಿದರೆ ನಮ್ಮ ಟೆಂಟು ಮಗುಚಿಕೊಂಡು ಹೊಳೆಯ ಜೊತೆ ಹೋಗುತ್ತಿತ್ತು. ಕಾಲು ಗಂಟೆ ತಡವಾಗಿದ್ದರೆ ಅದರೊಳಗೆ ನಾವೂ ಇರುತ್ತಿದ್ದೆವು.

ದಡದಲ್ಲಿ ಎಲ್ಲರೂ ನೆರೆದಿದ್ದರು, ನೀರು ಬಂದದ್ದು ಅವರಿಗೂ ಆಗಷ್ಟೇ ಗೊತ್ತಾಗಿತ್ತು. ನಾನು ಮೊದಲು ಮಾಡಿದ ಕೆಲಸವೆಂದರೆ ಹರಿಗೋಲುಗಳನ್ನು ಮುಟ್ಟಿ ನೋಡಿದ್ದು. ನಾಲ್ಕೂ ಬೋರಲು ಬಿದ್ದಿದ್ದವು, ಮೇಲೆ ಒಣ ಧೂಳು. ಯಾರೂ ನಡುಗಡ್ಡೆಗೆ ಬಂದು ಹೋದಂತಿರಲಿಲ್ಲ.

"ಹೆಂಗ ಎದ್ರಿ?" ಎಂದ ಮಾನಪ್ಪ.

"ಮೊಬೈಲ್ ಅಲಾರಂ ಇಟ್ಟಿದ್ದೆ" ಎಂದೆ. ಯೋಚಿಸಿ ಹೇಳಿದ್ದಲ್ಲ. ಎದುರಾಳಿ ಬಾಯಿ ತೆರೆದರೆ ಉತ್ತರ ತಾನಾಗೇ ಬರುವ ಚಾಳಿ.

ಮುದುಕ ತೀರ ಹತ್ತಿರ ಬಂದು ದನಿ ಇಳಿಸಿದ. "ನಿನ್ನಿ ಒಂದ ಮಾತ ನಿಮಗ ಬೇಕಂತ ಹೇಳಿರಲಿಲ್ಲ. ಬಡದ ಮ್ಯಾಲ ಅಂವ ಎಡಗೈಲೆ ಹುಟ್ಟ ಒತ್ತಿ ತಳದ ಮ್ಯಾಲ ಕರ್ ಅಂತ ಎಳೀತಿದ್ದ. ಮತ್ಯಾರೂ ಹಂಗ ಎಳ್ಯಂಗಿಲ್ಲ. ಎಳದ್ನೇನ ಯವ್ವಾ?"

ಅಕ್ಷರ ಬಾರದ ಆ ಮನುಷ್ಯ ನನಗೊಂದು ಪರೀಕ್ಷೆ ಇಟ್ಟಿದ್ದ. ನನ್ನ ಮೂರನೆಯ ಪ್ರಶ್ನೆಯನ್ನು ಅವನು ಹಿಂದಿನ ದಿನವೇ ಮುರಿದಿಟ್ಟಿದ್ದ. ಎರಡು ಜೊತೆ ಕಿವಿ ಕೇಳಿದ್ದವು, ಬೆಳಕಾಗುತ್ತಿತ್ತು, ಕೆರೆಯುವ ಸಂಗತಿ ನನಗೆ ಯಾರೂ ಹೇಳಿರಲಿಲ್ಲ. ಅವನ ಭುಜದಾಚೆ ಹುಲಿಗೆಮ್ಮ ನಿಂತಿದ್ದಳು. ಹೂಂ ಎಂದರೆ ಇವಳ ಬಾಳು ಇಲ್ಲೇ ಕೊಳೆಯುತ್ತದೆ, ಇಲ್ಲ ಎಂದರೆ ಬಿಡುಗಡೆ ಎಂದುಕೊಂಡೆ. ಹೀಗೆ ಅಂದುಕೊಂಡದ್ದು ಸುಳ್ಳಲ್ಲ. ಅಷ್ಟು ಜನರೆದುರು ಸೋಲಲು ನನಗೆ ಮನಸ್ಸಿರಲಿಲ್ಲ ಎಂಬುದೂ ಸುಳ್ಳಲ್ಲ.

"ಇಲ್ಲ ಮುತ್ಯಾ. ಏನೂ ಕೇಳಿಲ್ಲ."

ಅವನು ಮಲ್ಲುವಿನ ಮುಖ ನೋಡಿದ. ಮಲ್ಲು ನನ್ನ ಮುಖ ನೋಡಿದ, ಆಮೇಲೆ ಹೊಳೆ ನೋಡಿದ. ಮುದುಕ ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಮನೆಯ ಕಡೆ ಹೋದ.

ಸುರಪುರದಲ್ಲಿ ಚಹಾಕ್ಕೆ ನಿಂತಾಗ ಬಾನೆಟ್ಟಿನ ಮೇಲಿನ ಗೀರು ಕಂಡಿತು. ಬಣ್ಣ ಕಿತ್ತು ತಗಡು ಹೊಳೆಯುತ್ತಿತ್ತು. "ಜಾಲಿ ಮುಳ್ಳು ಬಡದದ" ಎಂದೆ. ಮಲ್ಲು ಅದರ ಮೇಲೆ ಬೆರಳಾಡಿಸಿ, "ಗೆದ್ದಿ ಬಿಡು" ಎಂದ. ಅವತ್ತಿನಿಂದ ಇವತ್ತಿನ ತನಕ ಅವನು ನನ್ನ ಜೊತೆ ಯಾವ ವಿಷಯಕ್ಕೂ ವಾದ ಮಾಡಿಲ್ಲ. ಏನು ಹೇಳಿದರೂ ಹೂಂ ಎನ್ನುತ್ತಾನೆ.

ಆ ವರ್ಷ ಹತ್ತಿ ಬರುವ ಕಾಲಕ್ಕೆ ಶಹಾಪುರದ ಒಂದು ಹತ್ತಿ ಮಿಲ್ಲಿನ ಮುಂದೆ ಯಾರೋ "ಅಕ್ಕಾರ" ಎಂದು ಕರೆದರು. ಗುರುತು ಹತ್ತಲಿಲ್ಲ. ಬೋಳು ಹಣೆ, ಬೋಳು ಕೈ, ತಲೆಯ ತುಂಬ ಹತ್ತಿಯ ಎಳೆ. ಹುಲಿಗೆಮ್ಮ.

ನಾವು ಬಂದುಹೋದ ವಾರದಲ್ಲೇ ಮಾವ ಹೊಳೆಯ ದಂಡೆಯಲ್ಲಿ ದಿನಕರ್ಮ ಮಾಡಿದನಂತೆ, ಇವಳ ಬಳೆ ಒಡೆಸಿದನಂತೆ, ಹರಿಗೋಲು ಮಾರಿದನಂತೆ. ಅಣ್ಣಂದಿರು ಕರೆತಂದು ಮಿಲ್ಲಿಗೆ ಹಚ್ಚಿದ್ದರು.

"ಉಡಕಿ?" ಎಂದೆ.

ಅವಳು ನಕ್ಕಳು. "ಹೊಳಿಗೆ ಗಂಡನ್ನ ಕೊಟ್ಟಾಕಿನ ಯಾರ್ ಮಾಡ್ಕೋತಾರ್ರಿ? ಗಂಡ ಅದಾನ ಅನ್ನೂ ತನಕ ಒಬ್ಬನೂ ಕಣ್ಣೆತ್ತಿ ನೋಡಿರಲಿಲ್ಲ. ಈಗ ಮಿಲ್ಲಿನ ಮುಕಾದಮನಿಂದ ಹಿಡಕೊಂಡ ಎಲ್ಲಾರೂ ನೋಡವ್ರ. ಮಾಂವನ ಸುಳ್ಳು ನನಗ ಬೇಲಿ ಆಗಿತ್ತರಿ ಅಕ್ಕಾರ."

ಅದು ಸುಳ್ಳಲ್ಲ ಎಂದು ಹೇಳಲು ನನಗೆ ಅದಕ್ಕಿಂತ ಒಳ್ಳೆಯ ಸಮಯ ಇನ್ನು ಬರಲಾರದು. ಅಷ್ಟರಲ್ಲಿ ಅವಳ ಕಣ್ಣು ಜೀಪಿನ ಮೇಲೆ ಬಿತ್ತು. ಮಲ್ಲು ಆ ಗೀರಿಗೆ ಬಣ್ಣ ಹಚ್ಚಿಸಿರಲಿಲ್ಲ, ಇಂದಿಗೂ ಹಚ್ಚಿಸಿಲ್ಲ. ಹತ್ತಿರ ಹೋಗಿ ಅದರ ಒಂದು ತುದಿಗೆ ಬೆರಳಿಟ್ಟು ಇನ್ನೊಂದು ತುದಿಯ ತನಕ ನಿಧಾನ ಎಳೆದಳು. ಎಳೆದದ್ದು ಎಡಗೈಯಿಂದ. ಆಮೇಲೆ ನನ್ನ ಕಡೆ ತಿರುಗಿದಳು.

"ನಮ್ಮೂರ ದಾರಿ ಜಾಲಿ ಮುಳ್ಳೇನ್ರಿ ಇದು?"

"ಹೂಂ" ಎಂದೆ.

ಅವಳು ಒಳಗೆ ಹೋದಳು. ಅಂದು ಬಾನೆಟ್ಟು ಬಡಿದವರು ಯಾರೆಂದು ನನಗೆ ಗೊತ್ತಿಲ್ಲ. ಸತ್ತವರು ಬಡಿಯುತ್ತಾರೆಂದು ಇವತ್ತಿಗೂ ನಾನು ನಂಬುವುದಿಲ್ಲ. ಆದರೆ ಜಾಲಿ ದಾರಿಯಲ್ಲಿ ಗಾಡಿ ಓಡಿಸಿದ ಯಾರನ್ನಾದರೂ ಕೇಳಿ. ಮುಳ್ಳು ಗೀರುವುದು ಗಾಡಿಯ ಪಕ್ಕೆಗಳನ್ನು, ಮುಂದಿನಿಂದ ಹಿಂದಕ್ಕೆ. ನಮ್ಮ ಜೀಪಿನ ಗೀರು ಬಾನೆಟ್ಟಿನ ನಟ್ಟನಡುವೆ ಇದೆ, ಅಡ್ಡಡ್ಡ.